ಲೆವೆಲ್ ಏರಲು ಗುರುವಿಗೆ ದುಡ್ಡು ಕಟ್ಟಲೇಬೇಕಾ?

ಓದುಗರ ಪ್ರಶ್ನೆ: "ಕೊಡಗಿನ ಗೋಣಿಕೊಪ್ಪಲಿನಲ್ಲಿ ನಮ್ಮದು ಐದು ಜನರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗುಂಪು. ಒಂದು ಸಾಹಸ ಮುಗಿದು ಎಲ್ಲರಿಗೂ ಮೂರನೇ ಲೆವೆಲ್‌ಗೆ ಬೇಕಾದಷ್ಟು ಎಕ್ಸ್‌ಪಿ ಸಿಕ್ಕಿದೆ. ಆದರೆ ಪಾತ್ರಗಳು ಊರಿಗೆ ಹೋಗಿ, ಗುರುವನ್ನು ಹುಡುಕಿ, ದುಡ್ಡು ಕಟ್ಟಿ ತರಬೇತಿ ಮುಗಿಸುವವರೆಗೆ ಲೆವೆಲ್ ಕೊಡುವುದಿಲ್ಲ ಅಂತ ನಮ್ಮ ಡಿಎಂ ಹೇಳುತ್ತಿದ್ದಾರೆ. ಇದು ನಿಯಮವಾ? ನನ್ನ ಪಾತ್ರದ ಹಿನ್ನೆಲೆ ಕಥೆಯಲ್ಲಿ ಈಗಾಗಲೇ ಒಬ್ಬ ಗುರು ಇದ್ದಾನೆ. ಅದಕ್ಕೆ ಏನಾದರೂ ರಿಯಾಯಿತಿ ಇದೆಯಾ?"

ಊರಿನ ಹೆಸರು ಬದಲಾಗುತ್ತದೆ, ಲೆವೆಲ್ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಲೆಕ್ಕ ಸಮೇತ ಪೂರ್ತಿ ಬರೆದಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ. ಹೊಸಬರಿಗೆ ಒಂದು ಮಾತು: ಇದು ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಸಾಹಸದ ಕಥೆ ಆಡುವ ಆಟ. ಡಿಎಂ (ಡಂಜನ್ ಮಾಸ್ಟರ್) ಅಂದರೆ ಕಥೆ ನಡೆಸುವವರು. ಎಕ್ಸ್‌ಪಿ ಅಂದರೆ ಸಾಹಸದಿಂದ ಸಿಗುವ ಅನುಭವದ ಅಂಕ, ಅದು ಮಿತಿ ಮುಟ್ಟಿದರೆ ಪಾತ್ರ ಒಂದು ಲೆವೆಲ್, ಅಂದರೆ ಒಂದು ಮೆಟ್ಟಿಲು ಏರುತ್ತದೆ.

ಚಿಕ್ಕ ಉತ್ತರ ಇಷ್ಟು. ಐದನೇ ಆವೃತ್ತಿಯ ಮಟ್ಟಿಗೆ, ಲೆವೆಲ್‌ಗೆ ಮುಂಚೆ ತರಬೇತಿ ಎಂಬುದು 2014ರ ಡಿಎಂ ಕೈಪಿಡಿಯಲ್ಲಿರುವ ಒಂದು ಐಚ್ಛಿಕ ನಿಯಮ. ಬೇಕಾದ ಡಿಎಂ ಬಳಸಬಹುದು, ಬೇಡದವರು ಬಿಡಬಹುದು. ಬಳಸುವುದಾದರೆ ಮೊದಲ ಸೆಷನ್ನಿಗೆ ಮುಂಚೆಯೇ ಎಲ್ಲರಿಗೂ ತಿಳಿಸಿರಬೇಕು. ಎಕ್ಸ್‌ಪಿ ಕೈಗೆ ಬಂದ ಮೇಲೆ ಹೇಳುವುದು ನ್ಯಾಯವಲ್ಲ. ಹಿನ್ನೆಲೆಯಲ್ಲಿ ಗುರು ಇದ್ದರೆ ರಿಯಾಯಿತಿ ಎಂಬ ಸಾಲು ಆ ನಿಯಮದಲ್ಲಿ ಇಲ್ಲ. ಆದರೆ ಆ ಗುರು ಬೇರೆ ಕೆಲಸಕ್ಕೆ ಬರುತ್ತಾನೆ, ರಿಯಾಯಿತಿಗಿಂತ ದೊಡ್ಡ ಕೆಲಸಕ್ಕೆ. ಅದು ಆಮೇಲೆ.

ಈಗ ಈ ಪ್ರಶ್ನೆಯ ಹಿಂದೆ ಕೂತಿರುವ ನಂಬಿಕೆಗೆ ಬರೋಣ. "ಹಳೆಯ ಕಾಲದಲ್ಲಿ ಆಟ ಕಟ್ಟುನಿಟ್ಟಾಗಿತ್ತು. ತರಬೇತಿ ಇಲ್ಲದೆ ಲೆವೆಲ್ ಇರಲಿಲ್ಲ. ಈಗಿನವರು ಸಡಿಲ ಮಾಡಿಬಿಟ್ಟರು. ತರಬೇತಿ ಇದ್ದರೇ ಆಟ ನಿಜ ಅನಿಸುವುದು." ಹೊಸದಾಗಿ ಡಿಎಂ ಆದವರೆಲ್ಲ ಇದನ್ನು ಎಲ್ಲಿಂದಲೋ ಹಿಡಿದುಕೊಂಡು ಬರುತ್ತಾರೆ. ಇದು ತಪ್ಪು, ಒಂದಲ್ಲ ಮೂರು ಕಡೆಯಿಂದ ತಪ್ಪು.

ಮೊದಲನೆಯದು ಇತಿಹಾಸ. ಈ ಆಟ ಕಟ್ಟಿದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಮೂರು ಕಿರುಪುಸ್ತಕಗಳಲ್ಲಿ ಲೆವೆಲ್‌ಗಾಗಿ ತರಬೇತಿ ಪಡೆಯಬೇಕೆಂಬ ನಿಯಮವೇ ಇರಲಿಲ್ಲ. ಎಲ್ಲರೂ ಬೊಟ್ಟು ಮಾಡುವ ಆ ನಿಯಮ ಬಂದದ್ದು 1979ರಲ್ಲಿ, ಅಡ್ವಾನ್ಸ್‌ಡ್ ಆವೃತ್ತಿಯ ಡಿಎಂ ಕೈಪಿಡಿಯಲ್ಲಿ. 1989ರ ಎರಡನೇ ಆವೃತ್ತಿ ಅದನ್ನು ಐಚ್ಛಿಕ ಮಾಡಿತು. ಅಂದರೆ "ಹಳೆಯ ಕಾಲ" ಎನ್ನುವುದು ಹತ್ತು ವರ್ಷದ ಒಂದು ಪುಸ್ತಕದ ಮಾತು.

ಎರಡನೆಯದು, ಆ ನಿಯಮ ಯಾಕೆ ಹುಟ್ಟಿತು ಎಂಬುದು. ಇದನ್ನು ಯಾರೂ ಓದುವುದಿಲ್ಲ, ಅದೇ ಬೇಸರ. 1979ರ ಆಟದಲ್ಲಿ ನಿಧಿಯಿಂದ ಎಕ್ಸ್‌ಪಿ ಬರುತ್ತಿತ್ತು. ಗುಹೆಯಿಂದ ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ರಾಕ್ಷಸರನ್ನು ಕೊಂದರೆ ಸಿಗುತ್ತಿದ್ದದ್ದು ಅದಕ್ಕೆ ಹೋಲಿಸಿದರೆ ಚಿಲ್ಲರೆ. ಹಾಗಾಗಿ ಲೆವೆಲ್ ಏರುವ ಹೊತ್ತಿಗೆ ಪ್ರತಿ ಪಾತ್ರದ ಚೀಲವೂ ತುಂಬಿರುತ್ತಿತ್ತು. ಚೀಲ ತುಂಬಿದವನು ಮತ್ತೆ ಯಾಕೆ ಗುಹೆಗೆ ಇಳಿಯುತ್ತಾನೆ? ಅವನ ಚೀಲ ಖಾಲಿ ಮಾಡಿಸಬೇಕಿತ್ತು. ಅದಕ್ಕೆ ತರಬೇತಿ ಶುಲ್ಕ: ಈಗಿನ ಲೆವೆಲ್ ಅನ್ನು 1,500 ನಾಣ್ಯದಿಂದ ಗುಣಿಸಿ, ವಾರಕ್ಕೆ ಅಷ್ಟು. ಎಷ್ಟು ವಾರ? ಒಂದರಿಂದ ನಾಲ್ಕು. ಆಟಗಾರ ತನ್ನ ಪಾತ್ರವನ್ನು ಎಷ್ಟು ನಿಷ್ಠೆಯಿಂದ ಆಡಿದ ಎಂದು ಡಿಎಂ ಪ್ರತಿ ಸಾಹಸಕ್ಕೂ 1ರಿಂದ 4ರವರೆಗೆ ಅಂಕ ಹಾಕಬೇಕು. 1 ಅತ್ಯುತ್ತಮ, 4 ಕಳಪೆ. ಆ ಅಂಕಗಳ ಸರಾಸರಿಯೇ ವಾರಗಳ ಲೆಕ್ಕ.

ಕಾಗದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಆ ಆವೃತ್ತಿಯಲ್ಲಿ ಫೈಟರ್‌ಗೆ (ಕತ್ತಿ ಹಿಡಿದು ಕಾದಾಡುವ ಪಾತ್ರಕ್ಕೆ) ಎರಡನೇ ಲೆವೆಲ್ 2,001 ಎಕ್ಸ್‌ಪಿಗೆ. ಅದರಲ್ಲಿ ಮುಕ್ಕಾಲು ಪಾಲು ನಿಧಿಯಿಂದ ಬಂತು ಎಂದಿಟ್ಟುಕೊಂಡರೆ ಕೈಯಲ್ಲಿ ಸುಮಾರು 1,500 ನಾಣ್ಯ. ಅತ್ಯುತ್ತಮವಾಗಿ ಆಡಿದವನಿಗೆ ಒಂದು ವಾರ, 1,500 ನಾಣ್ಯ. ಚೀಲ ಖಾಲಿ. ಸಾಧಾರಣವಾಗಿ ಆಡಿ ಮೂರು ಅಂಕ ಪಡೆದವನಿಗೆ 4,500 ನಾಣ್ಯ. ಇನ್ನೂ ಎರಡು ಗುಹೆ ತಡಕಾಡಿದರೂ ಹೊಂದುವುದು ಕಷ್ಟ. ಥೀಫ್, ಅಂದರೆ ಕಳ್ಳನ ಕಸುಬಿನ ಪಾತ್ರದ ಪಾಡು ನೋಡಿ. ಅವನಿಗೆ ಎರಡನೇ ಲೆವೆಲ್ 1,251 ಎಕ್ಸ್‌ಪಿಗೇ ಬರುತ್ತದೆ, ಎಲ್ಲರಿಗಿಂತ ಬೇಗ. ಪ್ರತಿಯೊಂದು ಎಕ್ಸ್‌ಪಿಯೂ ಚಿನ್ನದಿಂದಲೇ ಬಂದಿದ್ದರೂ ಅವನ ಹತ್ತಿರ 1,251 ನಾಣ್ಯ. ಆಟದ ಆರಂಭದಲ್ಲಿ ಅವನಿಗೆ ಡೈಸ್ ಕೊಡುವ ಅತಿ ಹೆಚ್ಚು ದುಡ್ಡು 120. ಒಟ್ಟು 1,371. ಅತಿ ಕಡಿಮೆ ಶುಲ್ಕವೇ 1,500. ಮಿತಿ ಮುಟ್ಟಿದ ಗಳಿಗೆಯಲ್ಲಿ ಥೀಫ್ ತನ್ನ ಶುಲ್ಕ ತಾನೇ ಕಟ್ಟುವುದು ಸಾಧ್ಯವೇ ಇಲ್ಲ! ಜೊತೆಗೆ, ಲೆವೆಲ್‌ಗೆ ಬೇಕಾದಷ್ಟು ಎಕ್ಸ್‌ಪಿ ಆದ ಮೇಲೆ ತರಬೇತಿ ಮುಗಿಯುವವರೆಗೆ ಹೊಸ ಎಕ್ಸ್‌ಪಿಯೂ ಸೇರುವುದಿಲ್ಲ. ಆದ್ದರಿಂದ ಅವನು ಸಾಲ ಮಾಡಬೇಕು, ಇಲ್ಲವೇ ಏನೂ ಕಲಿಯದೆ ಇನ್ನೊಂದು ಗುಹೆಗೆ ಹೋಗಬೇಕು.

ಇದು ಕ್ರೂರ ನಿಯಮ, ಆದರೆ ಅದಕ್ಕೊಂದು ಕಾರಣ ಇತ್ತು. ದುಡ್ಡೇ ಎಕ್ಸ್‌ಪಿ ಆಗಿದ್ದ ಆಟದಲ್ಲಿ ದುಡ್ಡನ್ನು ಹೊರಗೆ ಹರಿಸಲು ತೋಡಿದ ಕಾಲುವೆ ಅದು. ಐದನೇ ಆವೃತ್ತಿಯಲ್ಲಿ ನಾಣ್ಯಕ್ಕೆ ಎಕ್ಸ್‌ಪಿ ಇಲ್ಲ. ಕೆರೆ ಇಲ್ಲದ ಕಡೆ ಕಾಲುವೆ ತೋಡಿ ಏನು ಪ್ರಯೋಜನ?

ಮೂರನೆಯದು, "ನಿಜ ಅನಿಸುವುದು" ಎಂಬ ಮಾತು. ಒಂದೇ ರಾತ್ರಿಯಲ್ಲಿ ಯಾರಾದರೂ ಹೊಸ ವರಸೆ ಕಲಿಯುತ್ತಾರಾ ಎಂದು ಕೇಳುತ್ತಾರೆ. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ ಆಗಬೇಕಿತ್ತು. ಕರಿಮೆಣಸು ಕೊಯ್ಯುವವರನ್ನು ನೋಡಿ. ಒಂಟಿ ಬಿದಿರಿನ ಏಣಿ ಹಗ್ಗದಲ್ಲಿ ಕಟ್ಟಿ ಸಿಲ್ವರ್ ಓಕ್ ಹತ್ತುವುದನ್ನು ಅವರಿಗೆ ಯಾರೂ ಕ್ಲಾಸ್ ತೆಗೆದುಕೊಂಡು ಕಲಿಸುವುದಿಲ್ಲ. ಮೊದಲ ವರ್ಷ ಅರ್ಧ ಚೀಲ, ಐದನೇ ವರ್ಷ ಕೈ ತಾನೇ ಓಡುತ್ತದೆ. ಹತ್ತುವುದೇ ಅಭ್ಯಾಸ, ಅಭ್ಯಾಸವೇ ಕಲಿಕೆ. ಆದರೆ ಅದೇ ಆಳು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡಿಸಬೇಕು ಎಂದರೆ? ಗೊತ್ತಿರುವ ಒಬ್ಬರ ಪಕ್ಕದಲ್ಲಿ ಒಂದು ಹಂಗಾಮು ನಿಲ್ಲಲೇಬೇಕು. ಎಷ್ಟು ನೀರು ಬಿಡಬೇಕು, ಸಿಪ್ಪೆ ಸರಿಯಾಗಿ ಬಿಡುತ್ತಿಲ್ಲವಾದರೆ ಎಲ್ಲಿ ತಿರುಗಿಸಬೇಕು, ಬೀಜ ಒಡೆಯುತ್ತಿದ್ದರೆ ಎಷ್ಟು ಸಡಿಲ ಮಾಡಬೇಕು: ಇದು ಎಷ್ಟು ಮರ ಹತ್ತಿದರೂ ಬರುವುದಿಲ್ಲ.

ಲೆವೆಲ್ ಎಂಬುದು ಮೊದಲನೆಯ ಜಾತಿ. ಎಕ್ಸ್‌ಪಿ ಅಂದರೆ ಆ ಪಾತ್ರ ಈಗಾಗಲೇ ಪಟ್ಟ ಪಾಡು. ಕತ್ತಿ ಬೀಸಿದ್ದು, ಏಟು ತಿಂದದ್ದು, ಮಂತ್ರ ತಪ್ಪಿದ್ದು ಎಲ್ಲ ಅದರಲ್ಲಿ ಜಮಾ ಆಗಿದೆ. ಲೆವೆಲ್ ಏರುವುದು ಆ ಲೆಕ್ಕ ಚುಕ್ತಾ ಮಾಡುವುದು, ಅಷ್ಟೇ. ಅದಕ್ಕೆ ಮತ್ತೆ ಶುಲ್ಕ ಕೇಳುವುದು ಒಂದೇ ಕೂಲಿಗೆ ಎರಡು ಸಲ ದುಡಿಸಿದ ಹಾಗೆ. ತರಬೇತಿ ಎರಡನೆಯ ಜಾತಿ. ಲೆವೆಲ್ ಕೊಡದಿದ್ದನ್ನು ಅದು ಕೊಡಬೇಕು.

2014ರ ಐಚ್ಛಿಕ ನಿಯಮವನ್ನೂ ಒಮ್ಮೆ ನೋಡಿಬಿಡಿ. 2ರಿಂದ 4ನೇ ಲೆವೆಲ್‌ವರೆಗೆ ಪ್ರತಿ ಸಲ 10 ದಿನ, 20 ನಾಣ್ಯ. 5ರಿಂದ 10ಕ್ಕೆ 20 ದಿನ, 40 ನಾಣ್ಯ. 11ರಿಂದ 16ಕ್ಕೆ 30 ದಿನ, 60 ನಾಣ್ಯ. 17ರಿಂದ 20ಕ್ಕೆ 40 ದಿನ, 80 ನಾಣ್ಯ. ಒಂದರಿಂದ ಇಪ್ಪತ್ತರವರೆಗೆ ಕೂಡಿದರೆ 490 ದಿನ, 980 ನಾಣ್ಯ. ಒಂದು ಪೂರ್ತಿ ಪ್ಲೇಟ್ ಕವಚವೇ 1,500 ನಾಣ್ಯ ಇರುವ ಆಟದಲ್ಲಿ ಜೀವಮಾನದ ತರಬೇತಿಗೆ 980. ದುಡ್ಡು ಕರಗಿಸುವ ಕೆಲಸವೂ ಇದರಿಂದ ಆಗುವುದಿಲ್ಲ.

ದಿನಗಳ ಲೆಕ್ಕ ಇನ್ನೂ ತೊಂದರೆ ಕೊಡುತ್ತದೆ. ಎರಡನೇ ಲೆವೆಲ್‌ಗೆ 300 ಎಕ್ಸ್‌ಪಿ, ಮೂರನೆಯದಕ್ಕೆ ಒಟ್ಟು 900. ಅದೇ ಡಿಎಂ ಕೈಪಿಡಿಯ ಪ್ರಕಾರ ಒಂದನೇ ಲೆವೆಲ್‌ನ ಪಾತ್ರ ಒಂದು ಪೂರ್ತಿ ದಿನದ ಸಾಹಸದಲ್ಲಿ ಸುಮಾರು 300 ಎಕ್ಸ್‌ಪಿಯಷ್ಟು ಕಾದಾಟ ತಡೆದುಕೊಳ್ಳಬಲ್ಲದು, ಎರಡನೇ ಲೆವೆಲ್‌ನದು 600. ಅಂದರೆ ಒಂದು ದಿನ ಸಾಹಸ, ಹತ್ತು ದಿನ ತರಬೇತಿ, ಮತ್ತೊಂದು ದಿನ ಸಾಹಸ, ಮತ್ತೆ ಹತ್ತು ದಿನ ತರಬೇತಿ. ಎರಡು ದಿನ ಕೆಲಸ, ಇಪ್ಪತ್ತು ದಿನ ಗುರುಕುಲ. ಊರಿನ ಮಗುವನ್ನು ಗಾಬ್ಲಿನ್‌ಗಳು (ಪುಟ್ಟ ರಾಕ್ಷಸರು) ಹೊತ್ತುಕೊಂಡು ಹೋಗಿವೆ ಎಂದು ಡಿಎಂ ಕಥೆ ಶುರು ಮಾಡಿದ್ದರೆ, ವೀರರು ತರಬೇತಿ ಮುಗಿಸಿ ಬರುವ ಹೊತ್ತಿಗೆ ಆ ಮಗುವಿನ ಗತಿ ಏನು? ಒಂದೋ ಡಿಎಂ ಕಥೆಯ ಗಡಿಯಾರ ನಿಲ್ಲಿಸಬೇಕು, ಇಲ್ಲವೇ ಆಟಗಾರರು ಲೆವೆಲ್ ಬಿಟ್ಟು ಓಡಬೇಕು. ಇಂಥ ಗುಂಪುಗಳು ಮೂರನೇ ಸೆಷನ್ನಿಗೆ ಈ ನಿಯಮವನ್ನು ಸದ್ದಿಲ್ಲದೆ ಕೈಬಿಡುತ್ತವೆ. ಜೊತೆಯಲ್ಲಿ ಬಿಡುವಿನ ಕಾಲವನ್ನೂ, ಅಂದರೆ ಎರಡು ಸಾಹಸಗಳ ನಡುವಿನ ದಿನಗಳನ್ನೂ, ಕೈಬಿಡುತ್ತವೆ. ನಷ್ಟ ಆಗುವುದು ಅಲ್ಲೇ.

ಬಿಡುವಿನ ಕಾಲಕ್ಕೆ ನಿಜವಾದ ಕೆಲಸ ಇದೆ. 2014ರ ಆಟಗಾರರ ಕೈಪಿಡಿಯಲ್ಲಿ ಹೊಸ ಭಾಷೆ ಅಥವಾ ಒಂದು ಸಲಕರಣೆಯ ಬಳಕೆ ಕಲಿಯಲು 250 ದಿನ, ದಿನಕ್ಕೆ ಒಂದು ನಾಣ್ಯ. ಎಂಟು ತಿಂಗಳಿಗೂ ಹೆಚ್ಚು. ಅಷ್ಟು ಉದ್ದದ ಬಿಡುವು, ತಿಂಗಳುಗಟ್ಟಲೆ ಒಂದೇ ಕಥೆ ಆಡುವ ಹೆಚ್ಚಿನ ಕ್ಯಾಂಪೇನ್‌ಗಳಲ್ಲಿ ಸಿಗುವುದೇ ಇಲ್ಲ. 2017ರಲ್ಲಿ ಬಂದ ಪೂರಕ ಪುಸ್ತಕ ಇದನ್ನು ಸರಿ ಮಾಡಿತು: ಹತ್ತು ಕೆಲಸದ ವಾರ, ಅದರಲ್ಲಿ ಇಂಟೆಲಿಜೆನ್ಸ್ ಮಾಡಿಫೈಯರ್ (ಪಾತ್ರದ ಬುದ್ಧಿಗೆ ತಕ್ಕ ಕೂಡುವ, ಕಳೆಯುವ ಅಂಕ) ಕಳೆಯಿರಿ, ವಾರಕ್ಕೆ 25 ನಾಣ್ಯ. ಕೆಲಸದ ವಾರ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಐದು ದಿನ. ನಿಮ್ಮ ಡಿಎಂಗೆ ತರಬೇತಿ ಬೇಕೇ ಬೇಕು ಎಂದಿದ್ದರೆ ಈ ನಿಯಮವನ್ನು ಹಿಡಿಯಲು ಹೇಳಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಮಾದಯ್ಯ ಎಂಬ ಫೈಟರ್, ಇಂಟೆಲಿಜೆನ್ಸ್ 14, ಮಾಡಿಫೈಯರ್ +2. ಬೀಗ ತೆರೆಯುವ ಸಲಕರಣೆ ಕಲಿಯಬೇಕು. 10ರಲ್ಲಿ 2 ಕಳೆದು 8 ವಾರ. ಗುರುವಿಗೆ 200 ನಾಣ್ಯ. ಊಟ ವಸತಿ ಬೇರೆ: ಸಾಧಾರಣ ಜೀವನಕ್ಕೆ ದಿನಕ್ಕೆ ಒಂದು ನಾಣ್ಯ, ಕಲಿಯುವುದು ಐದೇ ದಿನವಾದರೂ ಊಟ ಏಳು ದಿನವೂ ಬೇಕು, ಎಂಟು ವಾರಕ್ಕೆ 56. ಒಟ್ಟು 256 ನಾಣ್ಯ. ಹೆಚ್ಚಿನ ಗುಂಪುಗಳು ಇಲ್ಲಿಗೆ ನಿಲ್ಲಿಸುತ್ತವೆ. ಪಾತ್ರದ ವಿವರ ಬರೆದಿಡುವ ಶೀಟ್ ಮೇಲೆ 256 ಹೊಡೆದು ಹಾಕಿ, ಹೊಸ ಸಲಕರಣೆಯ ಹೆಸರು ಬರೆದು, "ಸರಿ, ಮುಂದೆ" ಎನ್ನುತ್ತವೆ. ಅದು ಅಂಗಡಿಯಲ್ಲಿ ಸಾಮಾನು ಕೊಂಡ ಹಾಗಾಯಿತು.

ಡಿಎಂ ಇಲ್ಲಿ ಮೂರು ವಿಷಯ ಕೇಳಬೇಕು. ಯಾರ ಹತ್ತಿರ ಕಲಿತೆ? ಅವರಿಗೆ ದುಡ್ಡಲ್ಲದೆ ಇನ್ನೇನು ಬೇಕಿತ್ತು? ಆ ಎಂಟು ವಾರದಲ್ಲಿ ಯಾರಿಗೆ ನಿನ್ನ ಮುಖ ಪರಿಚಯ ಆಯಿತು? ಮೂರಕ್ಕೂ ಒಂದೊಂದೇ ಸಾಲಿನ ಉತ್ತರ ಸಾಕು. ಆಮೇಲೆ ಆ ಎಂಟು ವಾರದ ಒಂದೇ ಒಂದು ಗಳಿಗೆಯನ್ನು ಐದು ನಿಮಿಷ ಆಡಿ. ಉದಾಹರಣೆಗೆ ಹೀಗೆ:

ಆರನೇ ವಾರ. ಹೊರಗೆ ಮಳೆ. ಬೀಗ ಮಾಡುವ ತಾಯವ್ವ ಒಂದು ಹಿತ್ತಾಳೆ ಬೀಗ ಮಾದಯ್ಯನ ಮುಂದೆ ಇಟ್ಟು ದೀಪ ಆರಿಸುತ್ತಾಳೆ.

"ಕಾಣದೆ ಹೇಗೆ ಅಜ್ಜಿ?"

"ಕಳ್ಳ ಕಣ್ಣಲ್ಲಿ ತೆಗೀತಾನೆ, ಕಸುಬುದಾರ ಬೆರಳಲ್ಲಿ. ಮೂರನೇ ಪಿನ್ ಸ್ವಲ್ಪ ತಡವಾಗಿ ಏಳುತ್ತೆ, ಕಾಯಿ."

ಬೀಗ ತೆರೆಯುತ್ತದೆ. ಒಳಗೆ ಒಂದು ಮಡಚಿದ ಕಾಗದ.

"ಅದನ್ನ ಓದಬೇಡ. ನೀನು ಊರು ಬಿಡೋ ದಿನ ಕೋಟೆ ಬಾಗಿಲಲ್ಲಿ ನನ್ನ ಮಗ ನಿಂತಿರ್ತಾನೆ. ಅವನ ಕೈಗೆ ಕೊಡು. ಅದೇ ನಿನ್ನ ಗುರುದಕ್ಷಿಣೆ."

ಇಷ್ಟೇ. ಮಾದಯ್ಯನಿಗೆ ಈಗ ಬೀಗ ತೆರೆಯಲು ಬರುತ್ತದೆ, ಒಬ್ಬ ಅಜ್ಜಿ ಇದ್ದಾಳೆ, ಓದಬಾರದ ಒಂದು ಕಾಗದ ಇದೆ. ಮುಂದಿನ ಸಾಹಸದ ಬಾಗಿಲು ಡಿಎಂ ಪ್ರತ್ಯೇಕವಾಗಿ ಕೂತು ಯೋಚಿಸದೆ ತೆರೆಯಿತು. 2017ರ ನಿಯಮದಲ್ಲಿ ಪ್ರತಿ ಹತ್ತು ವಾರದ ತರಬೇತಿಗೆ ಶೇಕಡಾ 10ರಷ್ಟು ತೊಡಕಿನ ಸಾಧ್ಯತೆ ಇದೆ. ಗುರು ಕಾಣೆಯಾಗಬಹುದು, ಗುರು ಗೂಢಚಾರನಾಗಿರಬಹುದು, ತಲೆಮರೆಸಿಕೊಂಡ ಅಪರಾಧಿಯಾಗಿರಬಹುದು, ಯಾವುದೋ ಅಪಾಯದಿಂದ ಪಾರು ಮಾಡು ಎಂದು ಕೇಳಬಹುದು. ಇದನ್ನು ಡೈಸ್‌ಗೆ ಬಿಡಬೇಡಿ ಎಂಬುದು ನನ್ನ ಸಲಹೆ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗದ ತರಬೇತಿಯನ್ನು ಆಡುವುದೇಕೆ? ಪ್ರತಿ ಸಲ ಒಂದು ಸಣ್ಣ ತೊಡಕು ಆಟಗಾರನೇ ಆರಿಸಿಕೊಳ್ಳಲಿ.

ಲೆವೆಲ್ ಜೊತೆಗೇ ಬಿಡುವಿನ ಕಾಲ ಕೇಳಲೇಬೇಕಾದ ಒಂದು ಸಂದರ್ಭ ಇದೆ: ಮಲ್ಟಿಕ್ಲಾಸ್, ಅಂದರೆ ಒಂದು ಕಸುಬಿನ ಪಾತ್ರ ಇನ್ನೊಂದು ಕಸುಬಿನ ಲೆವೆಲ್ ತೆಗೆದುಕೊಳ್ಳುವುದು. ನಾಲ್ಕು ಲೆವೆಲ್ ಕತ್ತಿ ಬೀಸಿದವನು ಐದನೆಯದಕ್ಕೆ ವಿಝರ್ಡ್ (ಮಂತ್ರವಾದಿ) ಆಗುತ್ತಾನೆ ಎಂದರೆ ನಿಯಮ ಕೇಳುವುದು ಸ್ಟ್ರೆಂತ್ (ಬಲ) ಅಥವಾ ಚುರುಕುತನದ ಅಂಕವಾದ ಡೆಕ್ಸ್‌ಟೆರಿಟಿ 13, ಇಂಟೆಲಿಜೆನ್ಸ್ 13, ಅಷ್ಟೇ. ಆದರೆ ಅವನಿಗೆ ಮಂತ್ರದ ಪುಸ್ತಕ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬೇಕು. ಇದು ಪಲ್ಪರ್ ಜಾತಿಯ ಕಲಿಕೆ. ಹಿಂದಿನ ಬಿಡುವಿನಲ್ಲೇ ಅವನು ಯಾರ ಹತ್ತಿರವೋ ಅಕ್ಷರ ತಿದ್ದುತ್ತಿದ್ದ ಎಂದು ಬೀಜ ಬಿತ್ತಿಡಿ. ವಿಝರ್ಡ್‌ಗೆ ಬಿಡುವಿನಲ್ಲಿ ಮಾಡಲು ಇನ್ನೂ ಒಂದು ಕೆಲಸ ಇದೆ, ಸಿಕ್ಕಿದ ಮಂತ್ರಗಳನ್ನು ಪುಸ್ತಕಕ್ಕೆ ಇಳಿಸುವುದು: ಮಂತ್ರದ ಪ್ರತಿ ಲೆವೆಲ್‌ಗೆ ಎರಡು ಗಂಟೆ, 50 ನಾಣ್ಯ. ಮೂರನೇ ಲೆವೆಲ್‌ನ ಒಂದು ಮಂತ್ರಕ್ಕೆ 150 ನಾಣ್ಯ. ದುಡ್ಡು ಕರಗಬೇಕು ಎನ್ನುವ ಡಿಎಂಗೆ ಇದೇ ಸಾಕು.

ಎಲ್ಲ ಆಟಗಳಲ್ಲೂ ತರಬೇತಿ ನಿಯಮ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 1978ರ ರೂನ್‌ಕ್ವೆಸ್ಟ್‌ನಲ್ಲಿ ಪಾತ್ರ ಲೆವೆಲ್‌ನಿಂದ ಬೆಳೆಯುವುದಿಲ್ಲ, ಪ್ರತಿಯೊಂದು ಕೌಶಲ ಬೇರೆ ಬೇರೆ ಬೆಳೆಯುತ್ತದೆ. ಅಲ್ಲಿ ದುಡ್ಡು ಕೊಟ್ಟು ಕಲಿಯುವುದು ಆಟದ ಹೊಟ್ಟೆಯಲ್ಲೇ ಇದೆ. 1985ರ ಪೆಂಡ್ರಾಗನ್ ಇನ್ನೂ ಚೆಂದ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಸಾಹಸ, ಆಮೇಲೆ ಚಳಿಗಾಲ. ಚಳಿಗಾಲದಲ್ಲಿ ನೈಟ್ (ಕುದುರೆ ಏರಿ ಕಾದಾಡುವ ವೀರ) ತನ್ನ ಜಮೀನಿಗೆ ಮರಳುತ್ತಾನೆ, ಬೆಳೆ ಹೇಗಾಯಿತು ನೋಡುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ವಯಸ್ಸಾಗುತ್ತದೆ, ಅಭ್ಯಾಸ ಮಾಡುತ್ತಾನೆ. ಅವನು ಸತ್ತರೆ ಮಗ ಮುಂದುವರಿಸುತ್ತಾನೆ. ಒಕ್ಕ, ಐನ್‌ಮನೆ (ಮನೆತನ, ಅದರ ಮೂಲ ಮನೆ) ಎಂದರೇನು ಎಂದು ಗೊತ್ತಿರುವ ನಮ್ಮವರಿಗೆ ಇಂಥ ಆಟ ಯಾರೂ ವಿವರಿಸದೆ ಅರ್ಥವಾಗುತ್ತದೆ. ಮನೆಗೆ ಮರಳುವುದೂ ಕಥೆಯೇ ಎಂದು ಆ ನಿಯಮಗಳಿಗೆ ಗೊತ್ತಿದೆ.

ಈಗ ಹಿನ್ನೆಲೆಯ ಗುರುವಿಗೆ ಬರೋಣ. ಹಿನ್ನೆಲೆ ಕಥೆ ಬರೆಯುವವರಲ್ಲಿ ಹೆಚ್ಚಿನವರು ಎಂಟು ಪುಟ ಬರೆಯುತ್ತಾರೆ. ಮೂರು ಯುದ್ಧ ಗೆದ್ದ ಸೇನಾಪತಿ, ಡ್ರ್ಯಾಗನ್ ಕೊಂದ ಕೈ. ಆಮೇಲೆ ಶೀಟ್ ತುಂಬಿಸುತ್ತಾರೆ: ಒಂದನೇ ಲೆವೆಲ್‌ನ ಫೈಟರ್, ಹಿಟ್ ಪಾಯಿಂಟ್ (ಏಟು ತಡೆಯುವ ಶಕ್ತಿ) 12. ಮೊದಲ ಸೆಷನ್ನಿನಲ್ಲಿ 7 ಹಿಟ್ ಪಾಯಿಂಟ್‌ನ ಗಾಬ್ಲಿನ್ ಎರಡು ಏಟು ಸರಿಯಾಗಿ ಕೊಟ್ಟರೆ ಸೇನಾಪತಿ ನೆಲಕ್ಕೆ ಬೀಳುತ್ತಾನೆ. ಬರೆದದ್ದಕ್ಕೂ ಆಡುವುದಕ್ಕೂ ಹೊಂದುವುದಿಲ್ಲ. ಇನ್ನೂ ದೊಡ್ಡ ತೊಂದರೆ, ಎಂಟು ಪುಟದಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಸೇಡು ತೀರಿದೆ, ಗುರು ಸತ್ತಿದ್ದಾನೆ, ಊರು ಸುಟ್ಟಿದೆ. ಡಿಎಂಗೆ ಹಿಡಿಯಲು ಒಂದು ದಾರದ ತುದಿಯೂ ಉಳಿದಿರುವುದಿಲ್ಲ.

ಅರ್ಧ ಪುಟ ಸಾಕು, ಅದರಲ್ಲಿ ಜೀವಂತ ಇರುವ ಮೂರು ಹೆಸರು ಇರಲಿ. ಏನೋ ಕಲಿಸಿದವರು ಒಬ್ಬರು, ನಿಮ್ಮಿಂದ ಏನೋ ಬರಬೇಕಾದವರು ಒಬ್ಬರು, ನಿಮ್ಮನ್ನು ಮನೆ ಮೆಟ್ಟಿಲು ಹತ್ತಿಸದವರು ಒಬ್ಬರು. ಕಲಿಸಿದವರು ಪೂರ್ತಿ ಕಲಿಸಿರಬಾರದು. "ಇನ್ನೂ ಒಂದು ವರಸೆ ಇದೆ, ಅದನ್ನು ಹೇಳಿಕೊಡುವ ಹೊತ್ತು ಬಂದಿಲ್ಲ" ಎಂದು ಕಳಿಸಿರಲಿ. ನಿಮ್ಮ ಪ್ರಶ್ನೆಯಲ್ಲಿರುವ ಗುರುವಿನ ನಿಜವಾದ ಬೆಲೆ ಅಲ್ಲಿದೆ. ಮುಂದಿನ ಬಿಡುವಿನಲ್ಲಿ ಪಾತ್ರ ಅವನ ಹತ್ತಿರ ಮರಳಿ ಹೋಗಬಹುದು, ಅವನು ಬದಲಾಗಿರಬಹುದು, ಮನೆ ಬೀಗ ಹಾಕಿರಬಹುದು. 2014ರ ಆಟಗಾರರ ಕೈಪಿಡಿಯಲ್ಲಿ ಪಾತ್ರದ ಹಿಂದಿನ ಬದುಕಿಗೆ ಕೊಟ್ಟ 13 ಬ್ಯಾಕ್‌ಗ್ರೌಂಡ್‌ಗಳಲ್ಲಿ ಪ್ರತಿಯೊಂದರಲ್ಲೂ ಸ್ವಭಾವ, ಆದರ್ಶ, ನಂಟು, ದೌರ್ಬಲ್ಯ ಎಂಬ ನಾಲ್ಕು ಪಟ್ಟಿ ಇದೆ. ಅದರಲ್ಲಿ ನಂಟು ಎಂಬುದನ್ನು ಪ್ರತಿ ಬಿಡುವು ಮುಗಿದ ಮೇಲೆ ಓದಿ ನೋಡಿ, ಬದಲಾಗಿದ್ದರೆ ಹೊಡೆದು ಹೊಸದು ಬರೆಯಿರಿ. ಹಿನ್ನೆಲೆ ಕಥೆ ಮೊದಲ ದಿನ ಬರೆದು ಮುಗಿಸುವ ಅರ್ಜಿ ಎಂದುಕೊಂಡವರಿಗೆ ಇದು ಹೊಳೆಯುವುದಿಲ್ಲ. ಎರಡು ಸಾಹಸಗಳ ನಡುವೆ ಪಾತ್ರ ಏನು ಮಾಡಿತೋ ಅದೆಲ್ಲ ಮುಂದಿನ ಸಾಹಸಕ್ಕೆ ಹಿನ್ನೆಲೆಯೇ.

ಯಾರೂ ಕೇಳದ ಇನ್ನೊಂದು ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ಕೊಡಗಿನ ಗುಂಪುಗಳಿಗೆ ಅದು ಲೆವೆಲ್‌ಗಿಂತ ಮುಖ್ಯ. ಆಟಗಾರನೇ ತಿಂಗಳುಗಟ್ಟಲೆ ಬಾರದಿದ್ದರೆ ಅವನ ಪಾತ್ರ ಎಲ್ಲಿತ್ತು?

ನಮ್ಮ ವರ್ಷದ ನಡೆ ಎಲ್ಲರಿಗೂ ಗೊತ್ತು. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೆ ರೋಬಸ್ಟಾ, ಮಾರ್ಚ್‌ವರೆಗೆ ತೋಟದ ಮನೆಯವರು ಕಣ ಬಿಟ್ಟು ಅಲ್ಲಾಡುವುದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ. ಏಪ್ರಿಲ್, ಮೇ ಮದುವೆಗಳು ಮತ್ತು ಹಾಕಿ. ಜೂನ್‌ನಿಂದ ಮಳೆ. ಕಕ್ಕಡ ಮಾಸದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಭಾಗಮಂಡಲ, ನಾಪೋಕ್ಲು ಕಡೆಯವರು ಮಡಿಕೇರಿಗೆ ಬರುವುದು ರಸ್ತೆ ಮೇಲಿನ ನೀರಿನ ಮರ್ಜಿ. ಮನೆಯಲ್ಲೇ ಕೂತು ಆನ್‌ಲೈನ್ ಆಡೋಣ ಎಂದರೆ ಕರೆಂಟ್ ಇರುವುದಿಲ್ಲ. ವಾರವಾರ ತಪ್ಪದೆ ಸೇರುವ ಗುಂಪು ಇಲ್ಲಿ ನಡೆಯುವುದು ಕಷ್ಟ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಎರಡು ಮೂರು ಉದ್ದನೆಯ ಬಿಡುವು ಬರುವ ಜಾಗಕ್ಕೆ ಬಿಡುವಿನ ನಿಯಮಕ್ಕಿಂತ ಒಳ್ಳೆಯ ನಿಯಮ ಬೇರೆ ಇಲ್ಲ.

1979ರ ಕೈಪಿಡಿಯಿಂದ ಉಳಿಸಿಕೊಳ್ಳಬೇಕಾದದ್ದು ಇಲ್ಲಿದೆ. ತರಬೇತಿ ಶುಲ್ಕ ಹಿಡಿದುಕೊಂಡವರು ಈ ಸಾಲು ಮಾತ್ರ ನೋಡುವುದೇ ಇಲ್ಲ. ಆಟ ನಡೆಯದ ದಿನಗಳಲ್ಲಿ ಹೊರಗಿನ ಒಂದು ದಿನಕ್ಕೆ ಆಟದೊಳಗೂ ಒಂದು ದಿನ ಎಂದು ಲೆಕ್ಕ ಇಡಿ ಎನ್ನುತ್ತದೆ ಆ ಪುಸ್ತಕ. ಇದನ್ನು ಹಿಡಿದುಕೊಳ್ಳಿ. ಡಿಸೆಂಬರ್ ಮೊದಲ ವಾರ ಕುಯ್ಲಿಗೆ ಹೋದ ಆಟಗಾರ ಮಾರ್ಚ್ ಮೊದಲ ವಾರ ಮರಳಿದರೆ ಅವನ ಪಾತ್ರಕ್ಕೆ ಹನ್ನೆರಡು ವಾರ ಸಿಕ್ಕಿತು. ಇಂಟೆಲಿಜೆನ್ಸ್ ಮಾಡಿಫೈಯರ್ ಸೊನ್ನೆ ಇದ್ದರೂ ಹತ್ತು ವಾರದ ತರಬೇತಿ ಮುಗಿದು ಎರಡು ವಾರ ಉಳಿಯಿತು. ಬಾರದಿದ್ದದ್ದಕ್ಕೆ ಎಕ್ಸ್‌ಪಿ ಕಡಿತ ಎಂಬ ಶಿಕ್ಷೆಯನ್ನು ದಯವಿಟ್ಟು ಬಿಟ್ಟುಬಿಡಿ. ಮನೆಯ ವರ್ಷದ ದುಡಿಮೆ ಕಣದಲ್ಲಿ ಒಣಗುತ್ತಿರುವಾಗ ಆಟಕ್ಕೆ ಬರಲಿಲ್ಲ ಎಂದು ಒಬ್ಬರ ಪಾತ್ರವನ್ನು ಹಿಂದೆ ಬೀಳಿಸುವುದು ಸರಿಯಲ್ಲ. ಲೆವೆಲ್ ಇಡೀ ಗುಂಪಿಗೆ ಒಟ್ಟಿಗೆ ಏರಲಿ. ಬಂದವರಿಗೆ ಸಾಹಸದ ನಿಧಿ, ಬಾರದವರಿಗೆ ಬಿಡುವಿನ ಕಲಿಕೆ. ಲೆಕ್ಕ ಸಮ.

ಪಾತ್ರ ಹೊರಟುಹೋದದ್ದಕ್ಕೆ ಕಥೆಯೊಳಗೆ ಕಾರಣ ಹುಡುಕಿ ಒದ್ದಾಡುವ ಡಿಎಂಗಳಿಗೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ನೆನಪಿಸುತ್ತೇನೆ. ನಾಟಿ ಕೆಲಸ ಶುರುವಾದರೆ ಕೋವಿ, ಒಡಿಕತ್ತಿ ಎಲ್ಲ ಒಳಗೆ. ನಾಟಿ ಮುಗಿದು ಸೆಪ್ಟೆಂಬರ್ ಬಂದಾಗ ತೆಗೆದು, ಒರೆಸಿ, ತೋಕ್‌ಪೂ (ಕೋವಿಯ ಹೂ) ಇಟ್ಟು ಪೂಜೆ ಮಾಡಿ ಮತ್ತೆ ಕೈಗೆ ತೆಗೆದುಕೊಳ್ಳುವುದು. ಆಯುಧ ಹಿಡಿಯುವವನೂ ಗದ್ದೆಗೆ ಇಳಿಯುವವನೂ ಒಬ್ಬನೇ ಎಂಬುದನ್ನು ಈ ಹಬ್ಬದಷ್ಟು ಚೆನ್ನಾಗಿ ಯಾವ ನಿಯಮ ಪುಸ್ತಕವೂ ಹೇಳುವುದಿಲ್ಲ. ನಿಮ್ಮ ಆಟದ ಲೋಕದಲ್ಲೂ ಇಂಥ ಒಂದು ಹಬ್ಬ ಇಡಿ. ಆ ದಿನ ವೀರರು ಆಯುಧ ಕೆಳಗಿಡುತ್ತಾರೆ, ಇನ್ನೊಂದು ದಿನ ಎತ್ತಿಕೊಳ್ಳುತ್ತಾರೆ. ನಡುವಿನ ಕಾಲ ಬಿಡುವು. ಎತ್ತಿಕೊಳ್ಳುವ ದಿನದ ಸೆಷನ್ನಿನಲ್ಲಿ ಪ್ರತಿ ಆಟಗಾರನೂ ಆಯುಧ ಒರೆಸುತ್ತಾ, ಆ ತಿಂಗಳುಗಳಲ್ಲಿ ತನ್ನ ಕೈ ಬೇರೆ ಏನು ಹಿಡಿದಿತ್ತು ಎಂದು ಎರಡು ಮಾತು ಹೇಳಲಿ. ಐದು ಜನರಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮೂರು ತಿಂಗಳು ಸೇರದ ಗುಂಪಿಗೆ ಯಾರು ಯಾರೆಂದು ಮತ್ತೆ ನೆನಪಾಗಿರುತ್ತದೆ.

ದಾಖಲೆ ಇಡುವ ಬಗ್ಗೆ ಎರಡು ಮಾತು. ಬಿಡುವಿಗೆ ಪ್ರತ್ಯೇಕ ಹಾಳೆ ಇಡಿ, ಕ್ಯಾರೆಕ್ಟರ್ ಶೀಟ್‌ನ ಮೂಲೆಯಲ್ಲಿ ಗೀಚಬೇಡಿ. ಐದು ಕಂಬಸಾಲು: ಶುರುವಾದ ದಿನ, ಮುಗಿದ ದಿನ, ಏನು ಕಲಿತದ್ದು, ಯಾರಿಂದ, ಏನು ಬಾಕಿ. ಕೊನೆಯದೇ ಮುಖ್ಯ. ಎಂಟು ವಾರದ ತರಬೇತಿಯಲ್ಲಿ ಐದು ವಾರ ಮುಗಿದು ಸಾಹಸ ಕರೆದರೆ, "ಮೂರು ವಾರ ಬಾಕಿ" ಎಂದು ಬರೆದು ಹೊರಡಿ. ವಾರಗಳು ಎಡೆಬಿಡದೆ ಬರಬೇಕಾಗಿಲ್ಲ. ಕಟ್ಟಿದ ದುಡ್ಡು ಐದು ವಾರಕ್ಕೆ 125 ಮಾತ್ರ, ಪೂರ್ತಿ 200 ಮೊದಲೇ ಕಳೆಯಬೇಡಿ. ಇಲ್ಲಿ ತಪ್ಪು ಮಾಡಿ ಜಗಳ ಆಡುವ ಗುಂಪುಗಳು ಬಹಳ. ಬರೆಯುವುದು ಪೆನ್ಸಿಲ್‌ನಲ್ಲಿ. ಮಳೆಗಾಲದಲ್ಲಿ ಜೆಲ್ ಪೆನ್ನಿನ ಶಾಯಿ ಥಂಡಿಗೆ ಹರಡುತ್ತದೆ, ಜುಲೈನಲ್ಲಿ ಮಡಚಿಟ್ಟ ಶೀಟ್ ಸೆಪ್ಟೆಂಬರ್‌ನಲ್ಲಿ ಓದಲು ಬರುವುದಿಲ್ಲ. ತೆಳು ಹಾಳೆ ತೇವಕ್ಕೆ ಮೆತ್ತಗಾಗಿ ರಬ್ಬರ್ ತಾಗಿದಲ್ಲಿ ಕಿತ್ತುಬರುತ್ತದೆ, ಹಾಗಾಗಿ ದಪ್ಪ ಕಾಗದ, ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲ. ಬಿಡುವು ಶುರುವಾಗುವ ದಿನ ಐವರ ಹಾಳೆಯನ್ನೂ ಡಿಎಂ ಫೋಟೊ ತೆಗೆದು ಇಟ್ಟುಕೊಳ್ಳಲಿ, ಮತ್ತೆ ಸೇರುವ ಹಿಂದಿನ ದಿನ ಅದನ್ನೇ ಎಲ್ಲರಿಗೂ ಕಳಿಸಲಿ.